ಮೊಳೆ ಹೊಡೆಯದೆ ಹಾಡು ಕೇಳುವುದು ಹೇಗೆ?

ಕಳೆದ ಭಾನುವಾರ ಬೆಳಿಗ್ಗೆ ನಾನು ನಮ್ಮ ಮನೆ ಓನರನ್ನು ಅವರದೇ ಹಾಲ್‌ನಲ್ಲಿ, ಅವರದೇ ಸ್ಪೀಕರಿನಲ್ಲಿ, ಅವರ ಹೆಂಡತಿ ಮತ್ತು ಅಕ್ಕನ ಎದುರಿಗೇ ನಾಲ್ಕು ಪ್ಯಾರಾ ಬೈದೆ. ಆ ಹೊತ್ತಿನಲ್ಲಿ ನಾನು ಮೇಲಿನ ಮನೆಯ ಬಚ್ಚಲಲ್ಲಿ ನಿಂತು ಹಲ್ಲುಜ್ಜುತ್ತಿದ್ದೆ.

ಇದು ಹೇಗೆ ಸಾಧ್ಯ ಎನ್ನುತ್ತೀರಾ? ಬಹಳ ಸುಲಭ. ಖರ್ಚೂ ಕಡಿಮೆ. ಹೇಳುತ್ತೇನೆ, ಕೇಳಿ.

ನನ್ನ ಹತ್ತಿರ ಎರಡು ಹಳೆಯ ಸ್ಪೀಕರುಗಳಿವೆ. ಮದುವೆಗೆ ಮುಂಚೆ ಶಿವಾಜಿನಗರದ ಸೆಕೆಂಡ್ ಹ್ಯಾಂಡ್ ಅಂಗಡಿಯೊಂದರಲ್ಲಿ ಕೊಂಡಿದ್ದು. ಮರದ ಪೆಟ್ಟಿಗೆ, ಸೊಂಟದೆತ್ತರ. ಜೊತೆಗೆ ಕುಕ್ಕರಿನಷ್ಟು ತೂಕದ ಒಂದು ಆಂಪ್ಲಿಫೈಯರ್. ನನ್ನ ಹೆಂಡತಿ ಸುಜಾತ ಇವುಗಳನ್ನು ‘ನಿಮ್ಮ ಮೊದಲನೇ ಸಂಸಾರ’ ಎಂದು ಕರೆಯುತ್ತಾಳೆ. (ದನಿಯಲ್ಲಿ ಹೊಟ್ಟೆಕಿಚ್ಚಿಲ್ಲ, ಕನಿಕರವಿದೆ.)

ತೊಂದರೆ ಏನೆಂದರೆ, ಸ್ಪೀಕರುಗಳು ಇರುವುದು ಹಾಲ್‌ನಲ್ಲಿ. ಹಾಡುಗಳು ಇರುವುದು ಒಳಗಿನ ರೂಮಿನ ಕಂಪ್ಯೂಟರಿನಲ್ಲಿ. ಇವೆರಡರ ನಡುವೆ ನೆಲದ ಮೇಲೆ ಒಂದು ಉದ್ದನೆಯ ವೈರ್. ಸುಜಾತ ಅದಕ್ಕೆ ಮೂರು ಸಲ ಎಡವಿದಳು. ನಾಲ್ಕನೇ ಸಲ ಸಾರಿನ ಪಾತ್ರೆ ಸಮೇತ ಎಡವಿದಳು.

“ಆ ವೈರ್ ಇರುತ್ತೋ ನಾನಿರ್ತೀನೋ, ಡಿಸೈಡ್ ಮಾಡಿ” ಎಂದಳು.

ನಾನು ಒಂದು ಕ್ಷಣ ಯೋಚಿಸಿದೆ. ಯೋಚಿಸಿದ್ದೇ ತಪ್ಪಾಯಿತು. ಆಮೇಲೆ ಎರಡು ದಿನ ಮನೆಯಲ್ಲಿ ಹಾಡೂ ಇಲ್ಲ, ಮಾತೂ ಇಲ್ಲ.

ವೈರನ್ನು ಗೋಡೆಯ ಮೇಲೆ ಎಳೆದು ಕ್ಲಿಪ್ ಹೊಡೆದರಾಯಿತಲ್ಲ ಎಂದು ನೀವು ಕೇಳಬಹುದು. ಕೇಳುತ್ತಿದ್ದೀರಿ ಎಂದರೆ ನೀವು ಸ್ವಂತ ಮನೆಯವರು. ನಾನು ಬಾಣಸವಾಡಿಯಲ್ಲಿ ಆರು ವರ್ಷದಿಂದ ಬಾಡಿಗೆಗಿರುವವನು. ನಮ್ಮ ಓನರ್ ಮುನಿರಾಜಪ್ಪ ಕೆಳಗಿನ ಮನೆಯಲ್ಲೇ ಇದ್ದಾರೆ. ಇಲ್ಲಿಯ ಹಳೇ ಊರಿನವರು. ನಾವೀಗ ಮಲಗುವ ಜಾಗದಲ್ಲಿ ಅವರ ಅಪ್ಪ ರಾಗಿ ಬೆಳೆದಿದ್ದರಂತೆ. ನಾವು ಬಂದ ಮೊದಲ ದಿನ ಅವರು ಹೇಳಿದ್ದು ಎರಡೇ ಮಾತು. “ನಿಮ್ದೇ ಮನೆ ಅನ್ಕೊಳಿ ಸಾರ್. ಮೊಳೆ ಮಾತ್ರ ಹೊಡೀಬೇಡಿ.”

ನಮ್ಮ ಮನೆಯಲ್ಲಿ ಕ್ಯಾಲೆಂಡರ್ ಫ್ರಿಜ್ ಮೇಲೆ ಮಲಗಿದೆ. ಗಡಿಯಾರ ಶೋಕೇಸಿಗೆ ಒರಗಿ ಕೂತಿದೆ. ಮದುವೆ ಫೋಟೋ ಆರು ವರ್ಷದಿಂದ ಬೀರುವಿನಲ್ಲಿ ಸೀರೆಗಳ ನಡುವೆ ಇದೆ. ಅಂಥದ್ದರಲ್ಲಿ ಇಪ್ಪತ್ತು ಅಡಿ ವೈರಿಗೆ ಇಪ್ಪತ್ತು ಕ್ಲಿಪ್ ಹೊಡೆಯುವುದುಂಟೆ?

ಹಾಗಾಗಿ ವೈರ್ ಇಲ್ಲದ ದಾರಿ ಹುಡುಕಿ ಹೊರಟೆ. ಮೊದಲು ಹೋಗಿದ್ದು ಇಂದಿರಾನಗರದ ಒಂದು ಶೋರೂಮಿಗೆ. ಅಲ್ಲಿದ್ದ ಹೆಣ್ಣುಮಗಳು ನನ್ನನ್ನು ಸೋಫಾದಲ್ಲಿ ಕೂರಿಸಿ, “ಜಸ್ಟ್ ಎಕ್ಸ್‌ಪೀರಿಯನ್ಸ್ ಮಾಡಿ ಸರ್” ಎಂದಳು. ನಾನು ಬೆಲೆ ಕೇಳಿದೆ. ಎಕ್ಸ್‌ಪೀರಿಯನ್ಸ್ ಅಲ್ಲಿಗೇ ಮುಗಿಯಿತು.

ಎರಡನೇ ದಾರಿ ಮತ್ತೆ ಶಿವಾಜಿನಗರ. ಆ ಸ್ಪೀಕರುಗಳನ್ನು ಮಾರಿದ ಇಲ್ಯಾಸ್ ಭಾಯ್ ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಅದೇ ಸ್ಟೂಲಿನ ಮೇಲೆ ಕೂತಿದ್ದರು. ಗಡ್ಡ ಮಾತ್ರ ಬೆಳ್ಳಗಾಗಿತ್ತು. ನನ್ನ ಗೋಳನ್ನೆಲ್ಲ ಕೇಳಿಸಿಕೊಂಡರು.

“ಸ್ಪೀಕರ್ ಸತ್ತೋಗಿದ್ಯಾ ಸಾಬ್?”

“ಇಲ್ಲ.”

“ಆಂಪ್ಲಿಫೈಯರ್?”

“ಅದೂ ಗಟ್ಟಿಯಾಗಿದೆ.”

“ಅರೆ, ಮತ್ತೆ ಹೊಸಾದು ಯಾಕೆ? ಬಾಯಿ ಚೆನ್ನಾಗೈತೆ. ಕಿವಿ ಒಂದು ಹಾಕಿದ್ರೆ ಬಸ್, ಸಾಕು!”

ಹೀಗೆಂದು ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಕರಿ ಡಬ್ಬಿ ಕೈಗಿಟ್ಟರು. ಬ್ಲೂಟೂತ್ ರಿಸೀವರ್. ಒಂದು ಕಡೆ ಮೊಬೈಲ್ ಚಾರ್ಜರ್ ಚುಚ್ಚಬೇಕು. ಇನ್ನೊಂದು ಕಡೆಯಿಂದ ಕೆಂಪು ಬಿಳಿ ಪಿನ್ನಿನ ಗೇಣುದ್ದದ ವೈರನ್ನು ಆಂಪ್ಲಿಫೈಯರಿಗೆ ಸಿಕ್ಕಿಸಬೇಕು. ಮುಗಿಯಿತು. ಕಂಪ್ಯೂಟರ್ ರೂಮಿನಿಂದ ಹಾಡು ಕಳಿಸುತ್ತದೆ, ಹಾಲ್‌ನಲ್ಲಿ ಡಬ್ಬಿ ಅದನ್ನು ಕೇಳಿಸಿಕೊಂಡು ಸ್ಪೀಕರಿಗೆ ಹೇಳುತ್ತದೆ. ಇಬ್ಬರು ಹೋಟೆಲಿನಲ್ಲಿ ಬಿರಿಯಾನಿ ತಿನ್ನುವ ದುಡ್ಡಿನಲ್ಲಿ ಕೆಲಸ ಆಗುತ್ತದೆ.

“ಯಾವ ಕಂಪನಿ ಭಾಯ್?”

“ಕಂಪನಿ ಕೇಳ್ಬೇಡಿ ಸಾಬ್, ಸೌಂಡ್ ಕೇಳಿ.”

“ಗ್ಯಾರಂಟಿ?”

“ಡಬ್ಬಿ ಹೋಗ್ಬೋದು. ನಾನು ಎಲ್ಲಿ ಹೋಗ್ತೀನಿ? ಇಲ್ಲೇ ಇರ್ತೀನಲ್ಲ.”

ಯಾವ ಶೋರೂಮಿನವರು ಇಂಥ ಗ್ಯಾರಂಟಿ ಕೊಟ್ಟಾರು, ಹೇಳಿ?

ಮನೆಗೆ ಬಂದು ಸಿಕ್ಕಿಸಿದೆ. ಕಂಪ್ಯೂಟರಿನಲ್ಲಿ ಹುಡುಕಿದರೆ ‘ಬಿಟಿ ಆಡಿಯೋ’ ಎಂಬ ಹೆಸರು ಕಂಡಿತು. ಪಾಸ್‌ವರ್ಡ್ ಇಲ್ಲ, ಕೇಳುವವರಿಲ್ಲ. ಒತ್ತಿದೆ. ಹಾಲ್‌ನಲ್ಲಿ ವೀಣೆ ನುಡಿಯಿತು. ಸುಜಾತ ನೆಲ ನೋಡಿದಳು, ವೈರ್ ಇಲ್ಲ. ನನ್ನ ಮುಖ ನೋಡಿದಳು. “ಪರವಾಗಿಲ್ವೇ!” ಎಂದಳು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಈ ಮಾತು ಎರಡನೇ ಸಲ ಕೇಳಿದ್ದು. (ಮೊದಲನೆಯದು ಯಾವಾಗ ಎಂದು ಅವಳಿಗೂ ನೆನಪಿಲ್ಲ.)

ಇಲ್ಲಿಗೆ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದೆ. ಆದರೆ ಹೊಸ ಸಾಮಾನು ಕೊಂಡವನ ಬಾಯಿ ಸುಮ್ಮನಿರುತ್ತದೆಯೇ? ಮೆಟ್ಟಿಲ ಮೇಲೆ ಸಿಕ್ಕ ಮುನಿರಾಜಪ್ಪನವರನ್ನು ಒಳಗೆ ಕರೆದು ಡಬ್ಬಿ ತೋರಿಸಿದೆ. ಅವರು ಬಹಳ ಖುಷಿಪಟ್ಟರು. ಡಬ್ಬಿಗಿಂತ ಹೆಚ್ಚು ಗೋಡೆ ನೋಡಿ ಖುಷಿಪಟ್ಟರು. ಇಲ್ಯಾಸ್ ಭಾಯ್ ಅಂಗಡಿಯ ಗುರುತು ಕೇಳಿಕೊಂಡು ಮಾರನೇ ದಿನವೇ ಹೋಗಿ, ಅಂಥದ್ದೇ ಇನ್ನೊಂದು ಡಬ್ಬಿ ತಂದು, ತಮ್ಮ ಹಾಲ್‌ನ ಸ್ಪೀಕರುಗಳಿಗೆ ಹಾಕಿಕೊಂಡರು. ಅವರ ಸ್ಪೀಕರುಗಳೇನು ಸಾಮಾನ್ಯದವೇ? ಗಣೇಶನ ಹಬ್ಬಕ್ಕೆ ಇಡೀ ಬೀದಿಗೆ ಕೇಳಿಸಲೆಂದು ಕೊಂಡವು.

ಒಂದೇ ಕಟ್ಟಡ. ಎರಡು ಡಬ್ಬಿ. ಎರಡಕ್ಕೂ ಒಂದೇ ಹೆಸರು. ಮುಂದಾಗುವುದು ನಿಮಗೆ ಗೊತ್ತಾಗಿರಬೇಕು. ನನಗೆ ಗೊತ್ತಾಗಲಿಲ್ಲ.

ನನಗೊಂದು ಅಭ್ಯಾಸವಿದೆ. ಪತ್ರಿಕೆಗೆ ವಾರದ ಅಂಕಣ ಬರೆದ ಮೇಲೆ ಕಂಪ್ಯೂಟರಿನಿಂದ ಅದನ್ನು ಗಟ್ಟಿಯಾಗಿ ಓದಿಸಿ ಕೇಳುತ್ತೇನೆ. ಎಲ್ಲಿ ಎಡವುತ್ತದೆ ಎಂದು ಕಿವಿಗೆ ಬೇಗ ತಿಳಿಯುತ್ತದೆ. ಓದುವುದು ಒಂದು ಯಂತ್ರದ ಹೆಣ್ಣುದನಿ. ಆಕೆಗೆ ಸಿಟ್ಟೂ ಇಲ್ಲ, ನಗುವೂ ಇಲ್ಲ. ನನ್ನ ಜೋಕುಗಳನ್ನೆಲ್ಲ ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟಿನಂತೆ ಓದುತ್ತಾಳೆ.

ಆ ವಾರದ ಅಂಕಣದ ವಿಷಯ, ನೀವು ಊಹಿಸಿದಂತೆ, ಮೊಳೆ. ಹೆಸರು ಹಾಕಿರಲಿಲ್ಲ. ‘ನಮ್ಮ ಓನರ್’ ಎಂದಷ್ಟೇ ಬರೆದಿದ್ದೆ. ಅವರು ತಿಂಗಳ ಮೊದಲ ವಾರ ನಲ್ಲಿ ನೋಡುವ ನೆಪದಲ್ಲಿ ಬಂದು ಗೋಡೆ ಸವರುವುದು, ನೆಂಟರು ಬಂದರೆ ಚಪ್ಪಲಿ ಎಣಿಸುವುದು, ನಮಗೆ ಬಕೆಟ್ಟಿನ ಉಪದೇಶ ಮಾಡಿ ತಾವು ಪೈಪ್ ಹಿಡಿದು ಕಾರು ತೊಳೆಯುವುದು, ಹೀಗೆ ನಾಲ್ಕು ಪ್ಯಾರಾ.

ಸುಜಾತ ಮೊದಲೇ ಹೇಳಿದ್ದಳು. “ಈ ವಾರ ಬೇಡ ರೀ. ಅಗ್ರಿಮೆಂಟ್ ಸೈನ್ ಆಗ್ಲಿ. ಪಿಜಿ ಮಾಡೋರು ಬಂದು ಮನೆ ನೋಡ್ಕೊಂಡ್ ಹೋಗಿದ್ದಾರೆ, ಗೊತ್ತಲ್ಲ?”

ಗೊತ್ತಿತ್ತು. ನಮ್ಮ ಹನ್ನೊಂದು ತಿಂಗಳ ಕರಾರು ಆ ವಾರಕ್ಕೇ ಮುಗಿಯುತ್ತಿತ್ತು. ಭಾನುವಾರ ಹೊಸ ಕಾಗದ ತರುತ್ತೇನೆ ಎಂದಿದ್ದ ಮುನಿರಾಜಪ್ಪ, “ಪಿಜಿಯೋರು ಜಾಸ್ತಿ ಕೊಡ್ತೀವಿ ಅಂತವ್ರೆ, ನೋಡಾನ” ಎಂದೂ ಸೇರಿಸಿದ್ದರು. ಸುಜಾತ ಪಾಠ ಮಾಡುವ ಶಾಲೆ ಮನೆಯಿಂದ ಏಳು ನಿಮಿಷದ ನಡಿಗೆ. ಎಲ್ಲಕ್ಕಿಂತ ಮುಖ್ಯವಾಗಿ, ಆರು ವರ್ಷದಲ್ಲಿ ನಮ್ಮ ನಲ್ಲಿ ಒಂದು ದಿನವೂ ಒಣಗಿರಲಿಲ್ಲ. ಬೆಂಗಳೂರಿನ ಪೂರ್ವಕ್ಕಿರುವವರಿಗೆ ಈ ಮಾತಿನ ಬೆಲೆ ಗೊತ್ತು. ಇಂಥ ಮನೆ ಕೈಬಿಟ್ಟರೆ ಇನ್ನೊಂದು ಸಿಗುವುದಿಲ್ಲ.

“ಅವರು ನನ್ನ ಕಾಲಂ ಎಲ್ಲಿ ಓದ್ತಾರೆ ಬಿಡು” ಎಂದೆ.

“ಯಾರೂ ಓದಲ್ಲ ಅಂತ ಧೈರ್ಯ. ಯಾರೂ ಓದಲ್ಲ ಅಂತ್ಲೇ ಸಿಟ್ಟು” ಎಂದಳು.

ಭಾನುವಾರ ಬೆಳಿಗ್ಗೆ ಕಂಪ್ಯೂಟರ್ ಏಕೋ ಡಬ್ಬಿಯನ್ನು ಮರೆತಿತ್ತು. ಮತ್ತೆ ಹುಡುಕಿಸಿದೆ. ‘ಬಿಟಿ ಆಡಿಯೋ’ ಎಂದು ಎರಡು ಕಂಡವು. ಒಂದು ಹಳೆಯದರ ದಾಖಲೆ ಇರಬೇಕು ಎಂದುಕೊಂಡು ಮೇಲಿನದನ್ನು ಒತ್ತಿದೆ. ಸೇರಿಕೊಂಡಿತು. ಅಂಕಣ ಓದಲು ಹಚ್ಚಿದೆ. ಹಾಲ್‌ನಲ್ಲಿ ಉಸಿರಿಲ್ಲ. ವಾಲ್ಯೂಮ್ ಪೂರ್ತಿ ಏರಿಸಿದೆ. ಆದರೂ ಇಲ್ಲ. ‘ಡಬ್ಬಿ ಹೋಯಿತು, ಇಲ್ಯಾಸ್ ಭಾಯ್ ಅಲ್ಲೇ ಇರುತ್ತಾರಲ್ಲ’ ಎಂದುಕೊಂಡು, ಬ್ರಷ್ ಹಿಡಿದು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟೆ.

ಕೆಳಗೆ ಆಗಿದ್ದಿಷ್ಟು. ಮುನಿರಾಜಪ್ಪ ಬೆಳಿಗ್ಗೆ ಫೋನಿನಿಂದ ದೇವರ ಹಾಡು ಹಾಕಿದ್ದರು. ಆಮೇಲೆ ಅದೇ ಫೋನನ್ನು ಜೇಬಿಗಿಟ್ಟು ಮಟನ್ ತರಲು ಹೋದರು. ಫೋನ್ ದೂರವಾದ ಕೂಡಲೇ ಅವರ ಡಬ್ಬಿ ಖಾಲಿಯಾಯಿತು. ಆ ಖಾಲಿ ಜಾಗಕ್ಕೆ ನಾನು ನುಗ್ಗಿದೆ. ದೇವರ ಹಾಡಿನ ಬೆನ್ನಿಗೇ ನನ್ನ ಅನೌನ್ಸ್‌ಮೆಂಟಿನ ಹೆಂಗಸು, ಗಣೇಶನ ಹಬ್ಬದ ಸ್ಪೀಕರಿನಲ್ಲಿ, ಓನರುಗಳ ಬಗ್ಗೆ ಶುರುಮಾಡಿದಳು. ಕೇಳಲು ಮುನಿರಾಜಪ್ಪನವರ ಹೆಂಡತಿ ಇದ್ದರು, ಕೆ.ಆರ್. ಪುರದಿಂದ ಬಂದಿದ್ದ ಅವರ ಅಕ್ಕ ಇದ್ದರು. ಎರಡನೇ ಪ್ಯಾರಾದ ಹೊತ್ತಿಗೆ ಮಟನ್ ಕವರ್ ಹಿಡಿದ ಮುನಿರಾಜಪ್ಪನವರೂ ಬಂದು ಬಾಗಿಲಲ್ಲಿ ನಿಂತರು.

ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ಸುಜಾತ ಓಡಿಬಂದಳು. “ರೀ! ನಿಮ್ಮ ಕಾಲಂ ಕೆಳಗಡೆ ಓದ್ತಿದೆ!”

ಬಾಯಿ ತುಂಬ ನೊರೆ ಇಟ್ಟುಕೊಂಡೇ ಓಡಿ ಕಂಪ್ಯೂಟರ್ ನಿಲ್ಲಿಸಿದೆ. ಆಕೆ ಆಗಷ್ಟೇ, “ನಮ್ಮ ಓನರ್ ಬಗ್ಗೆ ಕೊನೆಯದಾಗಿ ಒಂದು ಮಾತು ಹೇಳಲೇಬೇಕು” ಎಂದು ಮುಗಿಸಿದ್ದಳು.

ಎರಡೇ ನಿಮಿಷದಲ್ಲಿ ಬಾಗಿಲು ತಟ್ಟಿದ ಸದ್ದು. ಮುನಿರಾಜಪ್ಪ ಬಂದು ಕೂತರು. ಮುಖದಲ್ಲಿ ಏನೂ ತೋರುತ್ತಿರಲಿಲ್ಲ. ಕೈಯಲ್ಲಿ ಅಗ್ರಿಮೆಂಟ್ ಕಾಗದ ಇರಲಿಲ್ಲ. ಅದನ್ನು ನಾನೂ ಸುಜಾತಳೂ ಒಟ್ಟಿಗೇ ಗಮನಿಸಿದೆವು.

“ನಮ್ಮ ಸ್ಪೀಕರಲ್ಲಿ ಯಾವ್ದೋ ಹೆಂಗಸು ಮಾತಾಡ್ತು ಸಾರ್” ಎಂದರು. “ಯಾರೋ ಓನರ್ ಬಗ್ಗೆ. ಪಾಪ, ಬಾಡಿಗೆಯವ್ನು ಬಲೇ ನೊಂದವ್ನೆ ಅನ್ಸುತ್ತೆ.”

ನಾನು ನೊರೆ ನುಂಗಿದೆ.

“ಕೊನೇ ಮಾತು ಒಂದೈತೆ ಅಂದು ಸುಮ್ಕಾಗ್ಬಿಡ್ತು. ನಮ್ಮಕ್ಕ ಕಾಫಿ ಬಿಟ್ಟು ಕಾಯ್ತಾ ಕೂತವ್ಳೆ. ಆ ಕೊನೇ ಮಾತು ಏನು ಸಾರ್?”

“ನಾನೇ ಓದಿ ಹೇಳ್ತೀನಿ, ಒಂದು ನಿಮಿಷ...”

“ಬೇಡ ಬೇಡ. ಆಯಮ್ಮನೇ ಓದ್ಲಿ. ಬಲೇ ಗಂಭೀರವಾಗಿ ಓದ್ತದೆ.”

ಕೊನೆಯ ಮಾತು ಏನಿತ್ತು ಗೊತ್ತೇ? ‘ನಮ್ಮ ಓನರ್ ನಾಳೆ ಸ್ವರ್ಗಕ್ಕೆ ಹೋದರೂ ಇಂದ್ರನನ್ನು ಕೇಳುವುದು ಒಂದೇ ಪ್ರಶ್ನೆ: ಈ ಗೋಡೆಗೆ ಮೊಳೆ ಹೊಡೆದವರು ಯಾರು?’ ಬರೆದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಸುಜಾತ ಅವರಿಗೆ ಕಾಫಿ ಕೊಟ್ಟು, ನನ್ನನ್ನು ರೂಮಿಗೆ ತಳ್ಳಿ ಬಾಗಿಲು ಹಾಕಿದಳು. “ಬೇರೆ ಬರೀರಿ. ಏನಾದ್ರೂ ಒಳ್ಳೇದು.”

“ಒಳ್ಳೇದು ಅಂದ್ರೆ ಏನ್ ಬರೀಲಿ?”

“ನೀರಿನ ವಿಷ್ಯ ಬರೀರಿ” ಎಂದಳು, ಮೆಲ್ಲಗೆ.

ಎರಡು ಬೇಸಿಗೆ ಹಿಂದೆ ಬೋರ್ ಬತ್ತಿದಾಗ ಇಡೀ ಬೀದಿ ಕೊಡ ಹಿಡಿದು ನಿಂತಿತ್ತು. ನಮ್ಮ ಮನೆಗೆ ಮಾತ್ರ ನೀರು ಬರುತ್ತಿತ್ತು. ಯಾಕೆ ಬರುತ್ತಿತ್ತು? ಸಂಪಿನಲ್ಲಿದ್ದ ಅಷ್ಟಿಷ್ಟು ನೀರನ್ನು ಮುನಿರಾಜಪ್ಪ ದಿನಾ ಬೆಳಿಗ್ಗೆ ಮೊದಲು ನಮ್ಮ ಟ್ಯಾಂಕಿಗೆ ಹತ್ತಿಸುತ್ತಿದ್ದರು. ಅವರ ಮನೆಯವರು ಬಟ್ಟೆ ಗಂಟು ಕಟ್ಟಿಕೊಂಡು ಆಟೋದಲ್ಲಿ ಎಲ್ಲಿಗೋ ಹೋಗಿ, ತಲೆ ಒದ್ದೆ ಮಾಡಿಕೊಂಡು ಬರುವುದನ್ನು ಸುಜಾತ ನೋಡಿದ್ದಳು, ನನಗೂ ಹೇಳಿದ್ದಳು. ಆ ಬೇಸಿಗೆಯಲ್ಲಿ ನಾನು ಬರೆದ ಅಂಕಣಗಳಲ್ಲಿ ಟ್ಯಾಂಕರಿನವರು ಬಂದರು, ರಾಜಕಾರಣಿಗಳು ಬಂದರು. ಇವರು ಬರಲಿಲ್ಲ. ಒಂದು ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ. ನನಗೆ ನಿಜವಾಗಿ ನಾಚಿಕೆಯಾಯಿತು. ಇಂದ್ರನನ್ನು ಅಳಿಸಿ, ಇದನ್ನು ಇದ್ದದ್ದಿದ್ದಂತೆ ಆರು ಸಾಲು ಬರೆದೆ.

ಮುನಿರಾಜಪ್ಪ ಕೆಳಗಿಳಿದರು. ನಾನು ಈ ಸಲ ಬೇಕೆಂದೇ ಅವರ ಡಬ್ಬಿಯನ್ನು ಹಿಡಿದು, ಓದಲು ಬಿಟ್ಟೆ. ನಾವಿಬ್ಬರೂ ಬಾಲ್ಕನಿಯಲ್ಲಿ ಕೆಳಗೆ ಕಿವಿಗೊಟ್ಟು ನಿಂತೆವು. ಆಕೆ ನೀರಿನ ವಿಷಯವನ್ನೂ ಅದೇ ದನಿಯಲ್ಲಿ ಓದಿ ಮುಗಿಸಿದಳು. ಆಮೇಲೆ ಅಕ್ಕನ ದನಿ ಕೇಳಿತು.

“ಅದು ದಿಟ ಕಣೋ ಮುನಿರಾಜ. ಒಂದ್ ತಿಂಗ್ಳು ಎಲ್ರೂ ನಮ್ಮನೇಲೇ ನೀರು ಹಾಕ್ಕೊಂಡ್ರಲ್ಲೋ!”

ಹತ್ತು ನಿಮಿಷದ ಮೇಲೆ ಅವರು ಮತ್ತೆ ಮೇಲೆ ಬಂದರು. ಈಗ ಕೈಯಲ್ಲಿ ಕಾಗದವಿತ್ತು. ಎಲ್ಲಿ ಸಹಿ ಮಾಡಬೇಕೆಂದು ಬೆರಳಿಟ್ಟು ತೋರಿಸಿದರು. ಮಾಡಿದೆವು. ಪಿಜಿಯವರ ಸುದ್ದಿ ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಸುಜಾತ ಕಾಗದವನ್ನು ಬೀರುವಿನಲ್ಲಿಡಲು ಎಷ್ಟು ಬೇಗ ಹೋದಳೆಂದರೆ, ಶಾಯಿ ಒಣಗಿತ್ತೋ ಇಲ್ಲವೋ.

ಹೊರಡುವಾಗ ಮುನಿರಾಜಪ್ಪ ಬಾಗಿಲಲ್ಲಿ ನಿಂತರು.

“ಸಾರ್, ಒಂದ್ ಮಾತು. ಬೈದಿದ್ದೆಲ್ಲ ಬಲೇ ಚೆನ್ನಾಗಿತ್ತು. ಒಂದೂ ಸುಳ್ಳಿರ್ಲಿಲ್ಲ. ಆ ಲಾಸ್ಟ್ ಪ್ಯಾರಾ ಮಾತ್ರ ಯಾಕೋ ಅರ್ಜೆಂಟಲ್ಲಿ ಬರ್ದಂಗಿತ್ತು.”

ಎರಡು ಬೇಸಿಗೆ ತಡವಾಗಿ ಬರೆದ ಪ್ಯಾರಾ ಅರ್ಜೆಂಟಿನದು ಹೇಗಾಗುತ್ತದೆ, ನೀವೇ ಹೇಳಿ?