ಹಿಂದಿನ ಪುಟದಿಂದ ಓದುವ ಕರುಣಾಕರ

ಕರುಣಾಕರ ಯಾವ ಪುಸ್ತಕವನ್ನೂ ಮೊದಲ ಪುಟದಿಂದ ಓದಿದವನಲ್ಲ. ಉಡುಪಿಯ ಕಡೆ ತನ್ನೂರಿನ ಭೂಮಿ ಉಳಿಸುವ ಹೋರಾಟದಲ್ಲಿ ಹದಿನಾಲ್ಕು ವರ್ಷ ಸರ್ಕಾರಿ ಕಾಗದಗಳ ಜೊತೆ ಗುದ್ದಾಡಿ ಕಲಿತ ಬುದ್ಧಿ ಅದು. ಕಾಗದದ ಮೋಸವೆಲ್ಲ ಬಾಲದಲ್ಲಿರುತ್ತದೆ. ಮೊದಲು ಸಹಿ ನೋಡು, ಆಮೇಲೆ ತಾರೀಕು, ಆಮೇಲೆ ಸರ್ವೆ ನಂಬರು. "ಸಾರ್ವಜನಿಕ ಹಿತದೃಷ್ಟಿಯಿಂದ" ಎಂಬ ಮೊದಲ ಸಾಲನ್ನೇ ಓದುತ್ತ ಕೂತವನ ಗದ್ದೆ ಹೋದಂತೆಯೇ.

ಈಗ ಅವನು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಬಸ್ಸು ಓಡಿಸುತ್ತಾನೆ. ಹೆಂಡತಿ ಚಿತ್ರಾಕ್ಷಿಗೆ ಹೆರಿಗೆ ವಾರ್ಡಿನಲ್ಲಿ ನರ್ಸ್ ಕೆಲಸ ಸಿಕ್ಕಿ ಬಂದವರು. ಅಲ್ಲಿನ ಹೆಡಿಂಗ್ಲೀ ಬಡಾವಣೆಯಲ್ಲಿ, ಎರಡೂ ಪಕ್ಕದ ವಿದ್ಯಾರ್ಥಿಗಳ ಗಲಾಟೆಯ ನಡುವೆ, ಒಂಬತ್ತು ವರ್ಷದಿಂದ ಒಂದೇ ಮನೆ.

ಒಂದು ಮಂಗಳವಾರ ಅನ್ನಕ್ಕಿಡಲು ಹೋದವನಿಗೆ ಅಕ್ಕಿ ಡಬ್ಬದ ಹಿಂದೆ ಲೈಬ್ರರಿಯ ಮೂರು ಪುಸ್ತಕ ಸಿಕ್ಕವು. ಮೂರೂ ಆಸ್ಟ್ರೇಲಿಯಾದ ಬಗ್ಗೆ. ಒಂದು ಚರಿತ್ರೆ, ಒಂದು ಅಲ್ಲಿನ ಜನಜೀವನ, ಇನ್ನೊಂದು ಗಣಿ ಊರುಗಳ ಕತೆ.

ಓದುವ ಪುಸ್ತಕವನ್ನು ಯಾರಾದರೂ ಅಕ್ಕಿಯ ಹಿಂದೆ ಇಡುತ್ತಾರೆಯೇ? ಅವಳ ವಾರ್ಡಿನಿಂದ ಈ ವರ್ಷ ನಾಲ್ವರು ನರ್ಸುಗಳು ಆಸ್ಟ್ರೇಲಿಯಾದ ಪರ್ತ್‌ಗೆ ಹಾರಿದ್ದು ಅವನಿಗೆ ಗೊತ್ತಿತ್ತು. ಅವಳು ಡ್ಯೂಟಿಗೆ ಹೋದ ಹೊತ್ತು ನೋಡಿ ಕದ್ದು ಓದತೊಡಗಿದ. ಹಿಂದಿನಿಂದಲೇ.

ಚರಿತ್ರೆಯ ಬಾಲದಲ್ಲಿ ಪದಸೂಚಿ ಇತ್ತು. ಕುರಿಗೆ ನಲವತ್ತು ಪುಟ, ಚಿನ್ನಕ್ಕೆ ಮೂವತ್ತು, ಮೊದಲಿನಿಂದ ಅಲ್ಲೇ ಇದ್ದ ಜನಕ್ಕೆ ಆರು. ಆ ಆರನ್ನು ಹುಡುಕಿ ಓದಿದ. ಬಿಳಿಯರು ಬಂದಿಳಿದು, ಜನ ಎದುರು ನಿಂತು ನೋಡುತ್ತಿದ್ದಾಗಲೇ, ಅದು ಯಾರದ್ದೂ ಅಲ್ಲದ ನೆಲ ಅಂದುಬಿಟ್ಟರಂತೆ.

"ಬೇವರ್ಸಿಗಳು," ಅಂದ. ತನ್ನೂರಿನ ಎರಡು ಬೆಳೆಯ ಬೈಲನ್ನು, ಅಂಚಿನ ಮಲ್ಲಿಗೆ ಗಿಡಗಳ ಸಮೇತ, ಸರ್ವೆಯವನು ಜೀಪಿನಿಂದ ಇಳಿಯದೆ "ಬಂಜರು" ಅಂತ ಬರೆದಿದ್ದ. ಅಪ್ಪ ಅದನ್ನು ಓದದೆ ಸಹಿ ಹಾಕಿದ್ದ.

ಗುರುವಾರ ಗಣಿ ಊರುಗಳ ಪುಸ್ತಕ ಬಿಡಿಸಿದರೆ ಕೊನೆಯ ಪುಟದಲ್ಲೇ ಒಂದು ಫಾರಂ. ಅಂಥದೇ ಒಂದು ಊರಿನ ಆಸ್ಪತ್ರೆಯದು. ಚಿತ್ರಾಕ್ಷಿಗೆ ಕೆಲಸ, ಕುಟುಂಬಕ್ಕೆ ಮನೆ. ಅವಳು ಸಹಿ ಹಾಕಿಯಾಗಿತ್ತು. ಗಂಡನ ಸಹಿಯ ಜಾಗ ಖಾಲಿ.

ಸಂಜೆ ಅವಳು ಶೂ ಬಿಚ್ಚುವ ಮೊದಲೇ ಅದನ್ನು ಮುಖಕ್ಕೆ ಹಿಡಿದ.

"ಎಂತದು ಇದು?"

"ಫಾರಂ. ಕನ್ನಡಕ ಹಾಕಿ ನೋಡಿ."

"ಅಡಗಿಸಿ ಇಡ್ಲಿಕ್ಕೆ ಎಂತ ಉಂಟು ಮಾರಾಯ್ತಿ? ಬಾಯಿಬಿಟ್ಟು ಕೇಳ್ಬಹುದಿತ್ತಲ್ಲ!"

"ಮೂರು ಸಲ ಕೇಳಿದೆ. ಮೂರು ಸಲವೂ ಟಿವಿ ಸೌಂಡ್ ಜಾಸ್ತಿ ಮಾಡಿದ್ರಿ. ಕೈಗೆ ಕೊಟ್ಟದ್ದನ್ನು ನೀವು ಓದುದಿಲ್ಲ ಮಾರಾಯ್ರೆ, ಅಡಗಿಸಿಟ್ಟದ್ದನ್ನು ಒಂದಕ್ಷರ ಬಿಡುದಿಲ್ಲ. ಮಂಗಳವಾರ ಅನ್ನಕ್ಕಿಡುದು ಯಾರು? ನೀವೇ ಅಲ್ವಾ?"

ಹೋರಾಟದ ದಿನಗಳಲ್ಲಿ ಪೊಲೀಸರ ಕಣ್ಣು ತಪ್ಪಿಸಿ ಊರೂರು ತಿರುಗಿದವನು ಅಕ್ಕಿ ಡಬ್ಬದ ಹಿಂದೆ ಸಿಕ್ಕಿಬಿದ್ದಿದ್ದ.

"ಆ ಊರು ಯಾರ ನೆಲ?" ಅಂದ, ಸೋಲೊಪ್ಪದೆ.

"ನನಗೆಂತ ಗೊತ್ತು? ಅಲ್ಲಿ ಹೆರಿಗೆ ಮಾಡಿಸ್ಲಿಕ್ಕೆ ಜನ ಇಲ್ಲಂತೆ. ಇಲ್ಲಿ ಹನ್ನೆರಡು ಗಂಟೆ ನಿಂತು ನನ್ನ ಸೊಂಟ ಬಿದ್ದು ಹೋಗಿದೆ. ಬರ್ತೀರಾ ಇಲ್ವಾ, ಅಷ್ಟು ಹೇಳಿ. ಸೋಮವಾರದೊಳಗೆ ಕಳಿಸ್ಬೇಕು."

"ಈ ಮೂರೂ ಬಿಳಿಯರು ಬರೆದದ್ದು. ಆ ನೆಲದ ಮೂಲ ಜನ ತಾವೇ ಬರೆದದ್ದನ್ನು ಓದದೆ ನಾನು ಪೆನ್ನು ಮುಟ್ಟುದಿಲ್ಲ."

ಚಿತ್ರಾಕ್ಷಿ ಚೀಲದಿಂದ ಲೈಬ್ರರಿಯ ಚೀಟಿ ತೆಗೆದು ಮೇಜಿನ ಮೇಲೆಸೆದಳು. "ಇದನ್ನೇ ಹೇಳ್ತೀರಿ ಅಂತ ಗೊತ್ತಿತ್ತು. ಅಂಥದ್ದೊಂದು ಪುಸ್ತಕ ಹೇಳಿಟ್ಟಿದ್ದೇನೆ, ಶನಿವಾರ ಬರ್ತದೆ. ಭಾನುವಾರ ನಿಮಗೆ ರಜೆ. ನಿಮ್ಮ ಡ್ಯೂಟಿ ರೋಟಾ ನೋಡಿದ್ದೇನೆ."

ಕರುಣಾಕರ ಚೀಟಿಯನ್ನು ಹಿಂದೆಮುಂದೆ ತಿರುಗಿಸಿದ. ತಾರೀಕು ಸರಿ. ಬರೆದವರ ಹೆಸರು ನೋಡಿದ, ಅದೂ ಸರಿ. ಇದರಲ್ಲೂ ಏನೋ ಮಸಲತ್ತು ಇದೆ ಅನ್ನಿಸಿತು; ಎಷ್ಟು ಹುಡುಕಿದರೂ ಸಿಗಲಿಲ್ಲ. ಕೊನೆಗೆ ಫಾರಂ ಎಳೆದುಕೊಂಡು, ತನ್ನ ಸಹಿಯ ಜಾಗದಲ್ಲಿ ಪೆನ್ಸಿಲಿನಿಂದ ಸಣ್ಣಗೆ "ಭಾನುವಾರ, ಓದಿದ ಮೇಲೆ" ಅಂತ ಬರೆದ.

"ಪೆನ್ಸಿಲಾ?"

"ಪೆನ್ನು ಭಾನುವಾರದವರೆಗೆ ನಿನ್ನ ಹತ್ರವೇ ಇರಲಿ," ಅಂದು ಅಕ್ಕಿ ತೊಳೆಯಲು ಎದ್ದ.