ಶಾಂತಮ್ಮನವರು ಮುಚ್ಚಿಟ್ಟ ಬೇರು

ನಿವೃತ್ತಿ ಹತ್ತಿರವಾಗಿದ್ದ ಆ ಚಳಿಗಾಲದಲ್ಲಿ ನಾನು ಅಮೆರಿಕದ ಓಲ್ಡ್ ಬ್ರಿಡ್ಜ್ ಎಂಬ ಊರಿನ ಸಮೀಪದ ಆಸ್ಪತ್ರೆಯೊಂದರಲ್ಲಿ ಲಿವರ್ ತಜ್ಞೆಯಾಗಿದ್ದೆ. ಧಾರವಾಡ ಮೂಲದ ಶಾಂತಮ್ಮ ಎಂಬುವವರು ಕಾಮಾಲೆಯಿಂದ ದಾಖಲಾದರು. ವೈರಸ್ ಸೋಂಕಿರಲಿಲ್ಲ, ಪಿತ್ತಕೋಶದಲ್ಲಿ ಕಲ್ಲಿರಲಿಲ್ಲ. ಮಾತ್ರೆ, ಕಷಾಯ, ಪುಡಿ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಮತ್ತೆ ಮತ್ತೆ ಕೇಳಿದೆ. ಇಲ್ಲವೆಂದೇ ಹೇಳಿದರು. ಆಸ್ಪತ್ರೆಯಲ್ಲಿದ್ದರೂ ಲಿವರ್ ಹದಗೆಡುತ್ತಲೇ ಹೋಯಿತು. ಬದಲಿ ಲಿವರ್ ಜೋಡಿಸಬೇಕಾದೀತೇ ಎಂಬ ಚರ್ಚೆಯೂ ಶುರುವಾಯಿತು.

ಇದನ್ನು ತಿಳಿಸಲು ಅವರ ಮಗಳು ಮೇಘಾಳನ್ನು ಕರೆದೆ. ಇಲ್ಲೇ ಹುಟ್ಟಿದ ಹುಡುಗಿ. ಮ್ಯಾನ್‌ಹಟನ್‌ನಲ್ಲಿ ಕೆಲಸ ಮುಗಿಸಿ ದಿನವೂ ಸಂಜೆ ಬರುತ್ತಿದ್ದಳು. ಅವಳಿಗೂ ಅದೇ ಪ್ರಶ್ನೆ ಕೇಳಿದೆ.

"ಮೆಡಿಸಿನ್ ಏನಿಲ್ಲ ಆಂಟಿ. ಅಮ್ಮನ ಹೇರ್ ತುಂಬಾ ಉದುರ್ತಿತ್ತು, ಅದಕ್ಕೆ ಹೆ ಶೌ ವು ಕೊಡ್ತಿದೀನಿ. It's just a root."

ಅದು ಚೀನೀ ವೈದ್ಯದಲ್ಲಿ ಕೂದಲಿಗೆಂದು ಬಳಸುವ ಬಳ್ಳಿಯೊಂದರ ಬೇರು. ಕೆಲವರ ಲಿವರ್‌ಗೆ ಮಾತ್ರ ಅದು ವಿಷದಂತೆ ಎರಗುತ್ತದೆ. ಮೇಘಾ ಆಸ್ಪತ್ರೆಗೂ ಶೀಶೆ ತಂದು, ಸಂಜೆ ತಾನೇ ನೀರು ಹಿಡಿದು ಆ ಬೇರಿನ ಮಾತ್ರೆ ನುಂಗಿಸುತ್ತಿದ್ದಳಂತೆ. ನನ್ನ ಮುಖ ನೋಡಿ ಅವಳಿಗೆ ಅರ್ಥವಾಯಿತು.

"Did I do this to her?"

ಬೇರಿನಿಂದಲೇ ಆಗಿರಬಹುದು, ತಿಳಿದು ಮಾಡಿದ್ದಲ್ಲ ಎಂದೆ. ಎರಡನೆಯ ಮಾತು ಅವಳ ಕಿವಿಗೆ ಬಿದ್ದಂತೆ ಕಾಣಲಿಲ್ಲ.

ಶಾಂತಮ್ಮನವರ ಬಳಿಗೆ ಒಬ್ಬಳೇ ಹೋದೆ. ಕಣ್ಣು ಹಳದಿಯಾದಾಗಲೇ ಅವರಿಗೆ ಆ ಮಾತ್ರೆಯ ಮೇಲೆ ಅನುಮಾನ ಬಂದಿತ್ತು.

"ಬ್ಯಾಡ ಅಂದ್ರ ಯಾಕಂತ ಕೇಳ್ತಿದ್ಲು. ಗೊತ್ತಾದ್ರ ಅಕಿ ತಡಕೊಳ್ಳಂಗಿಲ್ರಿ. ಅಕಿ ಹೆಸರು ಬರ್ಕೋಬ್ಯಾಡ್ರಿ, ಡಾಕ್ಟ್ರ."

ಮಗಳಿಗೆ ತಿಳಿದಾಗಿದೆ ಎಂದಾಗ ಗೋಡೆಯತ್ತ ಹೊರಳಿ ಮಲಗಿದರು.

ಬೇರು ನಿಲ್ಲಿಸಿದ ಮೇಲೆ ಕಾಮಾಲೆ ನಿಧಾನವಾಗಿ ಇಳಿಯಿತು, ಲಿವರ್ ಉಳಿಯಿತು. ಆದರೆ ಮೇಘಾ ಬಾಗಿಲ ಬಳಿಯೇ ನಿಲ್ಲುತ್ತಿದ್ದಳು. ತಾಯಿ ನೀರು ಕೇಳಿದರೂ ನರ್ಸನ್ನು ಕರೆಯುತ್ತಿದ್ದಳು. ಮನೆಗೆ ಹೊರಡುವ ದಿನ ನರ್ಸ್ ಮುಂದೆ ಹಿಡಿದ ಲೋಟವನ್ನು ಶಾಂತಮ್ಮ ಮುಟ್ಟಲಿಲ್ಲ. "ನೀ ಕೊಡು," ಎಂದರು ಮಗಳಿಗೆ. ಮೇಘಾ ಕೊಟ್ಟಳು. ಅರ್ಧ ನೀರು ಹೊದಿಕೆಯ ಮೇಲೆ ಚೆಲ್ಲಿತು. ಉಳಿದದ್ದನ್ನು ತಾಯಿ ಕುಡಿದು ಮುಗಿಸಿದರು.

ರೋಗಿಗಳು ಹಲವು ಸಲ ಮುಚ್ಚಿಡುವುದು ಔಷಧಿಯನ್ನಲ್ಲ, ಅದನ್ನು ಕೊಟ್ಟವರನ್ನು. ಇದನ್ನು ನಾನು ಕಲಿತದ್ದು ವೃತ್ತಿಯ ಕೊನೆಯಲ್ಲಿ. ಆಮೇಲೆ ಮನೆಯವರನ್ನೆಲ್ಲ ಹೊರಗೆ ಕಳಿಸಿ, ಯಾರು ಕೊಟ್ಟರೆಂದು ಕೇಳುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತಿದ್ದೆ. ಕೆಲವರು ಆಗ ಕೈಚೀಲ ತೆರೆದು, ಒಳಗಿನ ಶೀಶೆ ತೋರಿಸುತ್ತಿದ್ದರು.