ಎಡಗೈಯ ಕಸಿ ಚಾಕು

ಜಯನಗರದಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಗಾಜಿನ ಅಂಚು ಉಜ್ಜುವುದು, ಬೆಳಕಿಗೆ ಹಿಡಿದು ನೋಡುವುದು, ಮತ್ತೆ ಉಜ್ಜುವುದು, ದಿನವಿಡೀ ಇದೇ ಕೆಲಸ. ಹಳೆಯ ಚಾಕುಗಳ ಹುಚ್ಚು ಹತ್ತಿದ್ದಕ್ಕೆ ಈ ಕಸುಬೇ ಕಾರಣವಿರಬೇಕು. ಅಂಚು ಎಲ್ಲಿ ಕಂಡರೂ ನನ್ನ ಕಣ್ಣು ಅಲ್ಲೇ ನಿಲ್ಲುತ್ತದೆ.

ಮೊದಲನೆಯದು ಸಿಕ್ಕಿದ್ದು ಬನಶಂಕರಿಯ ಒಂದು ಗುಜರಿ ಅಂಗಡಿಯಲ್ಲಿ. ಕೆಟ್ಟ ಮಿಕ್ಸಿಯೊಂದನ್ನು ಕೊಟ್ಟು ಬರಲು ಹೋಗಿದ್ದೆ. ನಟ್ಟು ಬೋಲ್ಟುಗಳ ಡಬ್ಬದಲ್ಲಿ ಮಡಚಿಟ್ಟ ಸಣ್ಣ ಚಾಕುವೊಂದು ಬಿದ್ದಿತ್ತು. ಕೈಗೆತ್ತಿಕೊಂಡೆ. "ಅದು ಒಂದ್ ಕಡೆ ಮುರಿದೋಗಿದೆ ಮೇಡಂ, ಬೇಕಾದ್ರೆ ಹಂಗೇ ತಗೊಂಡೋಗಿ" ಎಂದ ಅಂಗಡಿಯವನು. ಮನೆಗೆ ತಂದು ಸೀಮೆಎಣ್ಣೆಯಲ್ಲಿ ನೆನೆಸಿ ಬಿಡಿಸಿದೆ. ಮುರಿದಿರಲಿಲ್ಲ. ಒಂದು ತುದಿಯಲ್ಲಿ ಉಕ್ಕಿನ ಅಲಗು, ಇನ್ನೊಂದು ತುದಿಯಲ್ಲಿ ಮೂಳೆಯಿಂದ ಮಾಡಿದ, ಉಗುರಿನಷ್ಟು ತೆಳ್ಳಗಿನ ಒಂದು ನಾಲಿಗೆ.

ಅದು ಏನೆಂದು ಗೊತ್ತಾಗಲು ಒಂದಿಷ್ಟು ಓದಬೇಕಾಯಿತು. ಗುಲಾಬಿಗೋ ನಿಂಬೆಗೋ ಕಣ್ಣು ಕಸಿ ಮಾಡುವವರು, ಅಂದರೆ ಒಂದು ಗಿಡದ ಮೊಗ್ಗನ್ನು ಇನ್ನೊಂದರ ತೊಗಟೆಯೊಳಗೆ ಕೂರಿಸುವವರು, ಅಲಗಿನಿಂದ ತೊಗಟೆಯನ್ನು ಸೀಳಿ, ಈ ಮೂಳೆಯ ನಾಲಿಗೆಯಿಂದ ಮೆಲ್ಲಗೆ ಎತ್ತುತ್ತಾರಂತೆ. ತೊಗಟೆಯ ಕೆಳಗಿನ ಹಸಿ ಪದರಕ್ಕೆ ಗಾಯವಾಗಬಾರದೆಂದು ಅಲ್ಲಿ ಉಕ್ಕು ಬೇಡ, ಮೂಳೆಯೇ ಇರಲಿ ಎಂದು ಯಾರೋ ಯೋಚಿಸಿದ್ದರು. ಗಿಡದ ನೋವನ್ನು ಇಷ್ಟು ಹತ್ತಿರದಿಂದ ಊಹಿಸಿಕೊಂಡ ಆ ಮನುಷ್ಯನನ್ನು ನೆನೆದು ಊಟದ ಮೇಜಿನ ಮುಂದೆ ಸುಮ್ಮನೆ ಕೂತುಬಿಟ್ಟಿದ್ದೆ.

ಅಲ್ಲಿಂದ ಶುರುವಾಯಿತು. ರೆಂಬೆ ಸವರುವ ಚಾಕುಗಳು ಬಂದವು, ಗಿಣಿಯ ಕೊಕ್ಕಿನ ಹಾಗೆ ಬಾಗಿದ ಅಲಗಿನವು. ಕೊಂಬಿನ ಹಿಡಿಯವು, ಹಿತ್ತಾಳೆ ಪಟ್ಟಿಯವು, ಉಜ್ಜಿ ಉಜ್ಜಿ ಅರ್ಧಕ್ಕರ್ಧ ಸವೆದವು. ಬಂಗಲೆ ಒಡೆಸುವವರು, ನರ್ಸರಿ ಮುಚ್ಚುವವರು, ಅಂಗಡಿಗೆ ಬರುವ ಗಿರಾಕಿಗಳು ತಂದುಕೊಡತೊಡಗಿದರು. "ಅಡಿಗೆಮನೇಲಿ ಈರುಳ್ಳಿ ಹೆಚ್ಚೋಕೆ ನೆಟ್ಟಗೆ ಒಂದು ಚಾಕು ಇಲ್ಲ, ಬೀರು ತುಂಬ ಮಾತ್ರ ಚಾಕುಗಳೇ" ಎಂದು ನನ್ನ ಗಂಡ ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ತುಕ್ಕು ತೆಗೆದು, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿಡುತ್ತಿದ್ದೆ. ಯಾವುದರಿಂದಲೂ ಒಂದು ಎಲೆಯನ್ನೂ ಕತ್ತರಿಸಿರಲಿಲ್ಲ.

ಹೀಗಿರುವಾಗ ಒಬ್ಬ ಅಜ್ಜಿ ಅಂಗಡಿಗೆ ಬಂದರು, ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಹೊಸ ಕನ್ನಡಕಕ್ಕೆಂದು. ಗೊಟ್ಟಿಗೆರೆಯ ಹಳೆಯ ಮನೆತನದವರು. ಹೊಲವಿದ್ದ ಜಾಗದಲ್ಲಿ ಈಗ ಮಗ ಕಟ್ಟಿಸಿದ ಬಾಡಿಗೆ ಮನೆಗಳು. ಮಗ ಹೊರಗೆ ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದಾಗ ಅಜ್ಜಿ ನನ್ನ ಮೇಜಿನ ಮೇಲೆ ಭೂತಗನ್ನಡಿಯ ಪಕ್ಕ ಬಿಚ್ಚಿಟ್ಟಿದ್ದ ಚಾಕುವನ್ನು ನೋಡಿದರು.

"ಇದು ಕಸಿ ಚಾಕು ಅಲ್ವೇನಮ್ಮ? ನಿಂಗ್ಯಾಕೆ ಇದು?"

"ಹಳೇವನ್ನ ಕೂಡಿಡ್ತೀನಿ ಅಜ್ಜಿ."

"ನಮ್ಮ ಯಜಮಾನ್ರದ್ದೂ ಒಂದೈತೆ. ಅವ್ರು ಹೋದಮೇಲೆ ಯಾರೂ ಮುಟ್ಟಿಲ್ಲ. ಕೊಡಾಕಿಲ್ಲ ಮತ್ತೆ, ನೋಡ್ಬೇಕಾದ್ರೆ ಬಾ."

ಮುಂದಿನ ಭಾನುವಾರವೇ ಹೋದೆ. ಅಜ್ಜಿ ದೇವರ ಗೂಡಿನ ಕೆಳಗಿನ ಡ್ರಾಯರಿನಿಂದ ಚಾಕು ತೆಗೆದುಕೊಟ್ಟರು. ಕಪ್ಪು ಮರದ ಹಿಡಿ, ಸವೆದು ಅಮಾವಾಸ್ಯೆ ಕಳೆದ ಚಂದ್ರನಷ್ಟೇ ಉಳಿದ ಅಲಗು. ಬೆಳಕಿಗೆ ಹಿಡಿದು ತಿರುಗಿಸಿದೆ. ಕಸಿ ಚಾಕುವನ್ನು ಒಂದೇ ಬದಿಗೆ ಸಾಣೆ ಹಿಡಿಯುತ್ತಾರೆ, ಇನ್ನೊಂದು ಬದಿ ಗಾಜಿನ ಹಾಗೆ ಸಮತಟ್ಟಾಗಿರಬೇಕು. ಆಗಲೇ ಕಡ್ಡಿಯನ್ನು ಕೊಯ್ದ ಮೈ ನುಣ್ಣಗೆ ಬರುವುದು. ನನ್ನ ಬಳಿ ಇದ್ದ ಎಲ್ಲ ಚಾಕುಗಳೂ ಬಲಬದಿಗೆ ಇಳಿಜಾರಾಗಿದ್ದವು. ಇದು ಎಡಕ್ಕೆ. ಹಿಡಿಯ ಮೇಲೆ ಹೆಬ್ಬೆರಳು ಒತ್ತಿ ಒತ್ತಿ ಬಿದ್ದಿದ್ದ ಗುಳಿಯೂ ಉಲ್ಟಾ ಕಡೆಗಿತ್ತು. ನನ್ನ ಬಲಗೈಗೆ ಅದು ಹೊಂದಲೇ ಇಲ್ಲ. ಎಡಗೈಗೆ ಬದಲಿಸಿಕೊಂಡೆ. ಹೆಬ್ಬೆರಳು ತಾನಾಗಿ ಹೋಗಿ ಆ ಗುಳಿಯಲ್ಲಿ ಕೂತಿತು.

"ಅಜ್ಜಿ, ಅವರು ಎಡಚರಾಗಿದ್ರಾ?"

ಅಜ್ಜಿ ಕುಡಿಯುತ್ತಿದ್ದ ಕಾಫಿ ಲೋಟವನ್ನು ಕೆಳಗಿಟ್ಟರು. "ನಿಂಗೆ ಯಾರು ಹೇಳಿದ್ರು? ನೀನು ಅವ್ರನ್ನ ನೋಡಿದ್ದಾ?"

"ಇಲ್ಲ ಅಜ್ಜಿ. ಚಾಕು ಹೇಳ್ತಿದೆ."

ಅವರು ಚಾಕುವನ್ನು ನನ್ನ ಕೈಯಿಂದ ತೆಗೆದುಕೊಂಡು, ಹೊಸ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಸೆರಗಿನಿಂದ ಹಿಡಿಯನ್ನು ಒರೆಸಿದರು. ಆಮೇಲೆ "ಬಾ, ಗಿಡ ತೋರಿಸ್ತೀನಿ" ಎಂದು ಎದ್ದರು.

ಕಟ್ಟಡದ ಹಿಂದೆ, ನೀರಿನ ಸಂಪಿನ ಪಕ್ಕ ಒಂದು ಮಾವಿನ ಮರ. ಮಗ ಕಟ್ಟಡವನ್ನು ಅದಕ್ಕೋಸ್ಕರವೇ ಒಳಕ್ಕೆ ಸರಿಸಿ ಕಟ್ಟಿಸಿದ್ದ. ಬುಡದಿಂದ ಸೊಂಟದೆತ್ತರದವರೆಗೆ ಒಂದು ಥರದ ಒರಟು ತೊಗಟೆ. ಅಲ್ಲಿ ಕಾಂಡ ಎರಡಾಗಿ, ಎರಡೂ ಕವಲುಗಳ ಬುಡದಲ್ಲಿ ಬಳೆ ತೊಡಿಸಿದ ಹಾಗೆ ಉಬ್ಬು. ಅದರ ಮೇಲೆ ತೊಗಟೆಯೇ ಬೇರೆ.

"ಕೆಳಗಿಂದು ಕಾಡು ಮಾವು. ಈ ಕಡೆ ಬಾದಾಮಿ, ಆ ಕಡೆ ರಸಪುರಿ. ನಂಗೆ ಬಾದಾಮಿ ಇಷ್ಟ, ಅವ್ರಿಗೆ ರಸಪುರಿ. ಜಗಳ ಯಾಕೆ ಅಂತ ಒಂದೇ ಗಿಡಕ್ಕೆ ಎರಡೂ ಕಟ್ಟಿದ್ರು. ಅವ್ರು ಕುಯ್ಯೋರು, ನಾನು ಕಟ್ಟೋಳು. ಬಾಳೆನಾರು ನೆನೆಸ್ಕೊಂಡು ನಿಂತಿರ್ತಿದ್ದೆ."

ಆ ಉಬ್ಬಿನ ಮೇಲೆ ಅಂಗೈ ಇಟ್ಟೆ. ಪೆನ್ಸಿಲಿನಷ್ಟು ದಪ್ಪದ ಕಡ್ಡಿಗೆ ಹಾಕಿದ ಒಂದು ಗಾಯ ಈಗ ನನ್ನ ತೋಳಿನ ಅಳತೆಗೆ ಸಿಗದಷ್ಟು ದಪ್ಪವಾಗಿತ್ತು. ಎರಡು ಜೀವ ಎಲ್ಲಿ ಸೇರಿದವೆಂದು ಬೆರಳಿಗೆ ಗೊತ್ತಾಗುತ್ತಿತ್ತು, ಕಣ್ಣಿಗೂ ಕಾಣುತ್ತಿತ್ತು. ಹೇಗೆ ಸೇರಿದವೆಂದು ಮಾತ್ರ ಊಹಿಸಲಾಗುತ್ತಿರಲಿಲ್ಲ. ಅವತ್ತು ಮನೆಗೆ ಬಂದು ಬೀರು ತೆರೆದಾಗ ನನ್ನ ಚಾಕುಗಳು ಬೇರೆಯಾಗಿ ಕಂಡವು. ಒಂದೊಂದರ ಹಿಂದೆಯೂ ಎಲ್ಲೋ ನಿಂತಿರುವ ಮರಗಳಿರಬೇಕಲ್ಲ ಎನ್ನಿಸಿತು.

ಆಮೇಲೆ ಆಗಾಗ ಗೊಟ್ಟಿಗೆರೆಗೆ ಹೋಗುತ್ತಿದ್ದೆ. ಎರಡು ಬೇಸಿಗೆ ಅಜ್ಜಿಯ ಮರದ ಹಣ್ಣು ತಿಂದೆ. ಮೂರನೆಯ ಬೇಸಿಗೆಯ ಕೊನೆಗೆ ಒಂದು ಮಧ್ಯಾಹ್ನ, ಮಳೆಗೆ ಮುಂಚಿನ ಬಿರುಗಾಳಿ ನಮ್ಮ ಮನೆಯಿರುವ ಜೆ.ಪಿ. ನಗರದ ರಸ್ತೆಯಲ್ಲೂ ಕೊಂಬೆಗಳನ್ನು ಚೆಲ್ಲಿ ಹೋದ ಮರುದಿನ, ಫೋನ್ ಬಂತು. ಅಜ್ಜಿಯ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದ, ಹಾವೇರಿ ಕಡೆಯ ಹುಡುಗಿ. ಯಾವುದೋ ಆಫೀಸಿನಲ್ಲಿ ಕೆಲಸ.

"ಮೇಡಂ, ನಿಮ್ಮ ಅಜ್ಜಿ ಗಿಡ ಬಿತ್ತರೀ. ನಡುವ ಸೀಳಿ ಬಿದ್ದೈತಿ. ಮಶೀನ್ ತಗೊಂಡು ಕಡಿಯಾವ್ರು ಬಂದಾರ. ಅಜ್ಜಿ ನಿಮ್ಗ ಕಸಿ ಚಾಕು ತಗೊಂಡು ಲಗೂ ಬಾ ಅಂತ ಹೇಳಾಕತ್ತಾರ್ರೀ."

ಅಂಗಡಿಯ ಬಾಗಿಲೆಳೆದು, ಮನೆಗೆ ಹೋಗಿ, ಬೀರುವಿನಿಂದ ಕೈಗೆ ಒಗ್ಗುವ ಒಂದು ಬಲಗೈ ಚಾಕುವನ್ನು ಆರಿಸಿಕೊಂಡು ಆಟೋ ಹತ್ತಿದೆ. ದಾರಿಯುದ್ದಕ್ಕೂ ಸಾಣೆ ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜಿದೆ. ಬನ್ನೇರುಘಟ್ಟ ರಸ್ತೆಯ ಗುಂಡಿಗಳಲ್ಲಿ ಬೆರಳು ಉಳಿದದ್ದೇ ಹೆಚ್ಚು.

ಮರ ಕಾಂಪೌಂಡಿನ ಮೇಲೆ ಅಡ್ಡ ಮಲಗಿತ್ತು. ಗರಗಸದವರನ್ನು ಮಗ ಕಾಫಿ ಕೊಟ್ಟು ಕೂರಿಸಿದ್ದ. ಅಜ್ಜಿ ಅಳುತ್ತಿರಲಿಲ್ಲ. ಹಿಂದಿನ ವರ್ಷ ತಿಂದ ಹಣ್ಣುಗಳ ವಾಟೆಗಳಿಂದ ಹುಟ್ಟಿದ ಸಸಿಗಳನ್ನು ಎಣ್ಣೆ ಡಬ್ಬಗಳಲ್ಲಿ ಬೆಳೆಸಿದ್ದರು; ಅವನ್ನೆಲ್ಲ ಸಾಲಾಗಿ ಇಡಿಸಿಕೊಂಡು, ಕಸಿ ಕಟ್ಟಲು ಪ್ಲಾಸ್ಟಿಕ್ ಕವರನ್ನು ಪಟ್ಟಿ ಪಟ್ಟಿಯಾಗಿ ಹರಿಯುತ್ತ ಮೋರೆ ಗಂಟಿಕ್ಕಿಕೊಂಡು ಕೂತಿದ್ದರು.

"ಹೂಂ, ಕುಯ್ಯಿ" ಎಂದರು.

"ಅಜ್ಜಿ, ನಾನು ಒಂದು ಸಲಾನೂ ಮಾಡಿಲ್ಲ."

"ಅವ್ರೂ ಮೊದಲನೇ ಸಲ ಅಂತ ಒಂದಿನ ಮಾಡಿರ್ಬೇಕಲ್ವ?"

ಬಾಡಿಗೆಯ ಹುಡುಗಿ ಬಿದ್ದ ಕೊಂಬೆಗಳ ತುದಿಗಳನ್ನು ತಂದುಕೊಟ್ಟಳು, ಎಲೆ ಸವರಿ, ಬಾದಾಮಿ ಒಂದು ಒದ್ದೆ ಬಟ್ಟೆಯಲ್ಲಿ, ರಸಪುರಿ ಇನ್ನೊಂದರಲ್ಲಿ. ನಾನು ಸಸಿಯ ತಲೆ ಕತ್ತರಿಸಿ ನಡುವೆ ಸೀಳಿದೆ. ಕಡ್ಡಿಯ ತುದಿಯನ್ನು ಬೆಣೆಯ ಹಾಗೆ ಎರಡು ಕಡೆಯಿಂದ ಕೊಯ್ಯಬೇಕು, ಒಂದೇ ಎಳೆತಕ್ಕೆ. ಮೊದಲ ಕಡ್ಡಿ ಮೆಟ್ಟಿಲು ಮೆಟ್ಟಿಲಾಗಿ ಹಾಳಾಯಿತು. ಎರಡನೆಯದಕ್ಕೆ ಉಸಿರು ಹಿಡಿದೆ. ಎಷ್ಟೋ ವರ್ಷ ಬಟ್ಟೆಯೊಳಗೆ ಮಲಗಿದ್ದ ಆ ಅಲಗು ಹಸಿ ಮರದೊಳಗೆ ಸದ್ದೇ ಇಲ್ಲದೆ ಇಳಿದುಹೋಯಿತು. ಕೊಯ್ದ ಮೈ ಒದ್ದೆಯಾಗಿ ಹೊಳೆಯಿತು. ಮಾವಿನ ಸೊನೆಯ ವಾಸನೆ ಬಂತು. ಅಂಗಡಿಯಲ್ಲಿ ಗಾಜು ಹಿಡಿಯುವ ಹಾಗೆ ಬೆಳಕಿಗೆ ಹಿಡಿದೆ. ಎಲ್ಲೂ ಏರಿಳಿತವಿರಲಿಲ್ಲ.

ಕಡ್ಡಿಯನ್ನು ಸೀಳಿನಲ್ಲಿ ಕೂರಿಸಿದೆ. ಕಟ್ಟಲು ಅಜ್ಜಿ ಕೈ ಚಾಚಿದರು. ನಮ್ಮ ಮೊಣಕೈಗಳು ಡಿಕ್ಕಿ ಹೊಡೆದವು. ಇನ್ನೊಂದು ಸಲವೂ ಹಾಗೇ ಆಯಿತು. ಆಗ ಅವರೇ ನಿಂತು ನಕ್ಕುಬಿಟ್ಟರು.

"ನಾನು ಎಡಗೈನೋರ ಪಕ್ಕ ನಿಂತು ಅಭ್ಯಾಸ ಕಣಮ್ಮ. ನೀನು ಈ ಕಡೆ ಬಾ."

ನಾನು ಅವರ ಇನ್ನೊಂದು ಪಕ್ಕಕ್ಕೆ ಹೋದೆ. ಆಮೇಲೆ ಒಂದು ಸಲವೂ ಕೈಗೆ ಕೈ ತಾಗಲಿಲ್ಲ. ಉಳಿದ ಕೆಲಸಕ್ಕೆ ನಡುಗುತ್ತಿದ್ದ ಅವರ ಬೆರಳುಗಳು ಪ್ಲಾಸ್ಟಿಕ್ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಬಿಗಿಯಾಗಿ ಸುತ್ತುವಾಗ ನಡುಗಲಿಲ್ಲ. ನಾನು ಕೊಯ್ಯುವುದನ್ನು ನಿಲ್ಲಿಸಿ ನೋಡುತ್ತಿದ್ದೆ. "ಕಡ್ಡಿ ಒಣಗ್ತದೆ, ಕುಯ್ಯಿ" ಎಂದು ಅಜ್ಜಿಯಿಂದ ಗದರಿಸಿಕೊಂಡೆ.

ಕಡ್ಡಿಯ ತೇವ ಆರದಂತೆ ಕೊನೆಯ ಸಸಿಗೂ ಕವರು ಮುಚ್ಚಿದ ಮೇಲೆ ಅಜ್ಜಿ ಗರಗಸದವರ ಕಡೆ ತಲೆಯಾಡಿಸಿದರು. ಮೆಷಿನ್ ಸದ್ದು ಶುರುವಾದಾಗ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಜೂನ್ ಬಂತು. ಹುಡುಗಿ ಆಗಾಗ ಫೋಟೋ ಕಳಿಸುತ್ತಿದ್ದಳು. ಕಡ್ಡಿಗಳು ಒಂದೊಂದಾಗಿ ಕಪ್ಪಾದವು. ಬಾದಾಮಿಯವು ಪೂರ್ತಿ ಹೋದವು. ನನ್ನ ಕೈಯದೇ ತಪ್ಪೇನೋ ಎಂದು ಒದ್ದಾಡುತ್ತಿದ್ದೆ. ಆಮೇಲೆ ಒಂದು ಬೆಳಿಗ್ಗೆ ಫೋಟೋ ಬರಲಿಲ್ಲ, ಫೋನೇ ಬಂತು. "ಚಿಗುರೈತಿ ಮೇಡಂ! ಒಂದು ಚಿಗುರೈತ್ರೀ!"

ಹೋಗಿ ನೋಡಿದೆ. ರಸಪುರಿ. ಕವರಿನೊಳಗೆ ಇಬ್ಬನಿ, ಇಬ್ಬನಿಯ ನಡುವೆ ತಾಮ್ರದ ಬಣ್ಣದ ಎರಡು ಎಲೆ, ಇನ್ನೂ ಬಿಡಿಸಿಕೊಳ್ಳದೆ ಜೋತುಬಿದ್ದಿದ್ದವು. ನಾನು ಕೊಯ್ದು, ಅಜ್ಜಿ ಕಟ್ಟಿದ ಗಾಯದೊಳಗಿಂದ ನೀರು ದಾಟಿ ಮೇಲಕ್ಕೆ ಹೋಗಿತ್ತು. ಇದು ಹೊಸ ಗಿಡವಲ್ಲ ಎಂದು ಆಗ ಹೊಳೆಯಿತು. ಬಿದ್ದ ಮರವೇ ಇದು. ಅಜ್ಜಿಯ ಯಜಮಾನರು ಕಡ್ಡಿ ತಂದದ್ದು ಇನ್ಯಾವುದೋ ರಸಪುರಿಯಿಂದ, ಅದಕ್ಕೆ ಬಂದದ್ದು ಮತ್ತೊಂದರಿಂದ. ಹೀಗೆ ಹಿಂದಕ್ಕೆ ಹೋದರೆ ಎಲ್ಲೋ ವಾಟೆಯಿಂದ ಹುಟ್ಟಿದ ಒಂದೇ ಒಂದು ಮರ. ಅದು ಸಾಯಲೇ ಇಲ್ಲ. ಚಾಕುವಿನಿಂದ ಚಾಕುವಿಗೆ, ಕೈಯಿಂದ ಕೈಗೆ ದಾಟಿಕೊಂಡು ಗೊಟ್ಟಿಗೆರೆಯ ಒಂದು ಎಣ್ಣೆ ಡಬ್ಬದವರೆಗೆ ಬಂದಿತ್ತು. ನಾನು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತವಳು ಏಳಲೇ ಇಲ್ಲ.

"ನಂದು ಹೋಯ್ತು ನೋಡು, ಅವ್ರದ್ದು ಉಳ್ಕೊಂತು" ಎಂದರು ಅಜ್ಜಿ. ಕವರನ್ನು ಸರಿಮಾಡುತ್ತ, "ಇರ್ಲಿ ಬಿಡು. ತಿನ್ನೋಕೇನು, ಅದನ್ನೂ ತಿನ್ಬೋದು."

ಕಳೆದ ಮಳೆಗಾಲದಲ್ಲಿ ಅದನ್ನು ನೆಲಕ್ಕಿಟ್ಟೆವು. ಗುಂಡಿ ತೋಡಿದ್ದು ಮಗ, ಮಣ್ಣು ಎಳೆದದ್ದು ಬಾಡಿಗೆಯ ಹುಡುಗಿ. ಅಜ್ಜಿ ಕುರ್ಚಿ ಹಾಕಿಸಿಕೊಂಡು ಕೂತು, ಕಸಿ ಕಟ್ಟಿದ ಜಾಗ ಮಣ್ಣಿಗಿಂತ ಮೇಲಿರಬೇಕು ಎಂದು ನಾಲ್ಕಾರು ಸಲ ಹೇಳಿದರು. ಪ್ಲಾಸ್ಟಿಕ್ ಪಟ್ಟಿಯನ್ನು ಬಿಚ್ಚಲು ನನ್ನನ್ನು ಕರೆದರು. ಚಾಕುವಿನ ತುದಿಯಿಂದ ಮೆಲ್ಲಗೆ ಸೀಳಿ ತೆಗೆದೆ. ಕೆಳಗೆ ಸಣ್ಣದೊಂದು ಉಬ್ಬು ಬಂದಿತ್ತು, ಹಸಿರಾಗಿ, ಇನ್ನೂ ಎಳಸು. ಹುಡುಗಿ ಬಗ್ಗಿ ನೋಡಿ, ಬೆರಳಿಡಬಹುದಾ ಎಂದು ಕೇಳಿದಳು. ಅಜ್ಜಿ ಹೂಂ ಎಂದರು. ಒಬ್ಬರಾದ ಮೇಲೆ ಒಬ್ಬರಂತೆ ನಾವೆಲ್ಲ ಮುಟ್ಟಿ ನೋಡಿದೆವು.